ಬೆವರುಗಲ್ಲಿನ ಮುಂದೆ

ನಮ್ಮೂರಿಗೆ ಹೊಸದಾಗಿ ಬಂದವರು ಹೇಳುವ ಮೊದಲ ಮಾತು, ಎಷ್ಟು ಶಾಂತವಾಗಿದೆ ನಿಮ್ಮೂರು, ಅಂತ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವದುರ್ಗದಿಂದ ಮಾನ್ವಿ ಕಡೆ ಹೋಗುವ ಬಸ್ಸಿನಲ್ಲಿ ಕ್ರಾಸಿಗೆ ಇಳಿದು, ಕಾಲುವೆಯ ಏರಿ ಹಿಡಿದು ನಡೆದರೆ ಮೊದಲು ಅಕ್ಕಿ ಗಿರಣಿ, ಆಮೇಲೆ ಊರು. ಜಗಳದ ಸದ್ದಿಲ್ಲ, ಮೈಕಿನ ಸದ್ದಿಲ್ಲ. ನಾಯಿ ಕೂಡ ಅಷ್ಟಾಗಿ ಬೊಗಳುವುದಿಲ್ಲ. ಬಂದವರಿಗೆ ಅದು ನೆಮ್ಮದಿಯಂತೆ ಕಾಣುತ್ತದೆ. ನಾವು ಸುಮ್ಮನಿರುವುದು ಕೇಳಿಸಿಕೊಳ್ಳುವುದಕ್ಕೆ.

ಊರ ಹಿಂದೆ ಬಂಡೆಗಳ ಗುಡ್ಡವಿದೆ. ರಾಯಚೂರು ಸೀಮೆಯಲ್ಲಿ ಬಂಡೆಗೇನು ಬರವಿಲ್ಲ, ಎಲ್ಲಿ ನೋಡಿದರೂ ಅವೇ. ಆದರೆ ನಮ್ಮ ಗುಡ್ಡದಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಸಂದಿದೆ. ಗುಡ್ಡವನ್ನು ಸುತ್ತಿಕೊಂಡು ಹಿಂಬದಿಗೆ ಹೋದರೆ ಹತ್ತಿ ಹೊಲ ಸಿಗುತ್ತದೆ. ಫೋನಿನ ಮ್ಯಾಪಿನಲ್ಲೂ ಹೊಲವೇ ಇದೆ. ಸಂದಿನಲ್ಲಿ ನುಸುಳಿ ಹೋದರೆ ಮಾತ್ರ ಹೊಲ ಸಿಗುವುದಿಲ್ಲ, ಇನ್ನೊಂದು ಊರು ಸಿಗುತ್ತದೆ. ನಾವು ಅದನ್ನು ಆಚಿಕಡಿ ಅನ್ನುತ್ತೇವೆ. ಮಟಮಟ ಮಧ್ಯಾಹ್ನ, ನಮ್ಮ ಒಲೆಗಳೆಲ್ಲ ಆರಿದ ಹೊತ್ತಿಗೆ, ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಹಿಂದಿನಿಂದಲೂ ಹಾಗೆಯೇ. ಯಾಕೆ ಹೀಗೆ ಅಂತ ಕೇಳಿದ ಮಕ್ಕಳಿಗೆ ತಲೆಗೊಂದು ಮೊಟಕು ಬೀಳುತ್ತಿತ್ತು.

ಆಚಿಕಡಿಯವರು ಬರುವುದುಂಟು. ಊರು ಬಿಟ್ಟು ದುಡಿಯಲು ಹೋದವರ ಮುಖ ಹೊತ್ತು ಬರುತ್ತಾರೆ. ಮುಖ ಅದೇ, ದನಿ ಅದೇ, ನಡಿಗೆಯೂ ಅದೇ. ಒಂದೇ ಒಂದು ವ್ಯತ್ಯಾಸ: ಅವರಿಗೆ ಬೆವರು ಬರುವುದಿಲ್ಲ. ನಮ್ಮ ಬಿಸಿಲಿನಲ್ಲಿ ಅದಕ್ಕಿಂತ ದೊಡ್ಡ ಗುರುತು ಬೇಕೇ? ಹಾಗಾಗಿ ಹೊರಗಿದ್ದು ಬಂದವರು ಯಾರೇ ಆಗಲಿ, ಗಿರಣಿಯ ಮುಂದಿನ ಚಪ್ಪಟೆ ಬಂಡೆಯ ಮೇಲೆ ಬಿಸಿಲಿಗೆ ಕೂರಬೇಕು. ಅದಕ್ಕೆ ಬೆವರುಗಲ್ಲು ಅಂತ ಹೆಸರು. ಮನೆಯವರೊಬ್ಬರು ನೀರಿನ ತಂಬಿಗೆ ಹಿಡಿದು ಎದುರು ನಿಲ್ಲುತ್ತಾರೆ. ಹಣೆಯಲ್ಲಿ ಬೆವರು ಕಂಡ ಮೇಲೆ ನೀರು, ನೀರು ಕುಡಿದ ಮೇಲೆ ಮನೆ. ಬೆವರು ಕಾಣದಿದ್ದರೆ ಸಂದು.

ನಾನು ಚಿಕ್ಕವಳಿದ್ದಾಗ ಹಣೆ ಮುಟ್ಟಿ ನೋಡುತ್ತಿದ್ದವಳು ಗಿರಣಿ ಮನೆಯ ಅಜ್ಜಿ. ಅವಳನ್ನು ನೋಡುವಾಕಿ ಎನ್ನುತ್ತಿದ್ದರು. ಅವಳ ಮನೆಯವರಿಗೆ ಈ ಬಂಡೆಯ ಕಾಟ ಇರಲಿಲ್ಲ, ಬಿಡಿ. ಅವರು ರಾಯಚೂರಿನಿಂದ ಕಾರಿನಲ್ಲಿ ಬಂದರೆ ಕಿಟಕಿಯ ಗಾಜು ಇಳಿಸಿ, ಒಂದು ನಗು ನಕ್ಕು, ಸೀದಾ ಮನೆಗೆ ಹೋಗುತ್ತಿದ್ದರು. ಬಂಡೆ ಇದ್ದದ್ದು ನಮ್ಮಂಥ ಕೂಲಿಯವರಿಗೆ. ಆದರೂ ಅಜ್ಜಿ ಕೆಟ್ಟವಳಲ್ಲ. ಚಳಿಗಾಲದಲ್ಲಿ ಬಂದವರಿಗೆ ಎಲ್ಲಿಂದ ಬೆವರು ಬಂದೀತು? ಅದಕ್ಕೆ ಊರಲ್ಲಿ ಒಂದು ಒಳದಾರಿ ಇತ್ತು. ಅಜ್ಜಿ ಪಕ್ಕದ ಬೇವಿನ ಮರದ ಕಡೆ ಮುಖ ತಿರುಗಿಸಿ, "ಈ ಸಲ ಎಲಿ ಭಾಳ ಉದುರ್ಯಾವ ನೋಡ್ರಿ" ಅಂತ ಏನೋ ಒಂದು ಹೇಳುತ್ತಿದ್ದಳು. ನೆರೆದವರೆಲ್ಲ ಮರ ನೋಡುತ್ತಿದ್ದರು. ಆ ಹೊತ್ತಿನಲ್ಲಿ ತಂಬಿಗೆ ಹಿಡಿದವರು ಬೆರಳು ಅದ್ದಿ, ಕೂತವರ ಹಣೆ ಒರೆಸಿಬಿಡುತ್ತಿದ್ದರು. ಅಜ್ಜಿ ತಿರುಗಿ ನೋಡಿ, "ಬೆವತಾನ, ಕರ್ಕೊಂಡು ಹೋಗ್ರಿ" ಅನ್ನುತ್ತಿದ್ದಳು. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಈ ಒಳದಾರಿಯಲ್ಲಿ ಆಚಿಕಡಿಯ ಒಬ್ಬನೂ ಒಮ್ಮೆ ಒಳಗೆ ಬಂದ. ಕಿರಾಣಿ ಅಂಗಡಿಯವರ ಮಗ ಪುಣೆಗೆ ದುಡಿಯಲು ಹೋಗಿದ್ದ. ಚಳಿಯಲ್ಲಿ ಅವನ ಮುಖದವನು ಬಂದ, ತಾಯಿ ಹಣೆ ಒರೆಸಿದಳು, ಮನೆಗೆ ಹೋದ. ಅಂಥ ಮಗನನ್ನು ಆ ಮನೆ ಕಂಡಿರಲಿಲ್ಲ. ನಸುಕಿಗೆ ಏಳುತ್ತಿದ್ದ, ಚೀಲ ಹೊರುತ್ತಿದ್ದ, ತಂದೆಯ ಕಾಲು ಒತ್ತುತ್ತಿದ್ದ. ಶಿವರಾತ್ರಿ ಕಳೆದು ಬಿಸಿಲು ಏರಿತು. ಎಷ್ಟು ಚೀಲ ಹೊತ್ತರೂ ಅವನ ಅಂಗಿ ಒಣಗಿಯೇ ಇರುತ್ತಿತ್ತು. ಜನ ಗುಸುಗುಸು ಶುರುಮಾಡುವ ಹೊತ್ತಿಗೆ ಪುಣೆಯಿಂದ ಅಸಲಿ ಮಗನ ಫೋನು ಬಂತು. ಊರೆಲ್ಲ ಕಲ್ಲು ಹಿಡಿದು ಹೋಯಿತು. ಅವನು ಹೆಗಲ ಮೇಲಿದ್ದ ಚೀಲವನ್ನು ಹರಿಯದಂತೆ ಮೆಲ್ಲಗೆ ಇಳಿಸಿ, ಸಂದಿನ ಕಡೆ ನಡೆದ. ಕಲ್ಲುಗಳು ಬೆನ್ನಿಗೆ ಬೀಳುತ್ತಲೇ ಇದ್ದವು. ಮುಂದಿನ ತಿಂಗಳು ಅಸಲಿ ಮಗ ಬಂದ, ಕುಡಿದು ಅಂಗಡಿಯ ಮುಂದೆ ಬಿದ್ದುಕೊಂಡ. ಅವನಿಗೆ ಬೆವರು ಮಾತ್ರ ಧಾರಾಳವಾಗಿ ಬರುತ್ತಿತ್ತು. ಹೋದವನು ಯಾರಿಗೆ ಏನು ಕೇಡು ಮಾಡಿದ್ದ ಅಂತ ನಾನು ಇಂದಿಗೂ ಕೇಳುತ್ತೇನೆ.

ನಾನು ಹತ್ತನೇ ತರಗತಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆಯಲ್ಲಿ ಅಕ್ಕ ಬಂದಳು. ಅವಳನ್ನು ರಾಯಚೂರಿಗೆ ಕೊಟ್ಟಿತ್ತು. ಅಪ್ಪ ಆಗಲೇ ತೀರಿಹೋಗಿದ್ದ. ಅವ್ವ ಗಿರಣಿಯಲ್ಲಿ ಅಕ್ಕಿ ಕೇರುವ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕ ಒಬ್ಬಳೇ ಬಂದಿದ್ದಳು, ಕೈಯಲ್ಲಿ ಚೀಲ ಕೂಡ ಇರಲಿಲ್ಲ. ಮೊಣಕೈಯಿಂದ ಕೆಳಗೆ ಸುಟ್ಟ ಗಾಯವಿತ್ತು. ಜ್ವರದಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಬಂದು, ಕ್ರಾಸಿನಿಂದ ಆ ಬಿಸಿಲಲ್ಲಿ ನಡೆದಿದ್ದಳು. ಬಂದವಳೇ ಬೆವರುಗಲ್ಲಿನ ಮೇಲೆ ಕುಸಿದು ಕೂತಳು. ಕೂತುಕೊಂಡೇ ಅವ್ವನಿಗೆ ಹೇಳಿದಳು.

"ಯವ್ವಾ, ನಾ ಹೊಳ್ಳಿ ಹೋಗಂಗಿಲ್ಲ. ಬೇಕಾದ್ರ ಇಲ್ಲೇ ಸಾಯ್ತೀನಿ."

ಆ ಮಾತನ್ನು ಮನೆಯೊಳಗೆ ಬಂದು ಹೇಳಿದ್ದರೆ ಬೇರೆ ಆಗುತ್ತಿತ್ತೇನೋ. ಅವಳು ಊರ ಮುಂದೆ ಹೇಳಿಬಿಟ್ಟಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅವ್ವ ತಂಬಿಗೆ ಹಿಡಿದು ಎದುರು ನಿಂತಳು.

ಅಕ್ಕನ ಹಣೆ ಒಣಗಿತ್ತು. ಮುಖ ಕೆಂಪಗೆ ಕಾದಿತ್ತು, ತುಟಿ ಬಿರಿದಿತ್ತು, ಆದರೆ ಒಂದು ಹನಿ ಬೆವರಿಲ್ಲ. ಝಳ ಬಡಿದವರಿಗೆ ಬೆವರು ನಿಂತುಹೋಗುತ್ತದೆ, ಅಂಥವರಿಗೆ ತಕ್ಷಣ ನೀರು, ನೆರಳು ಬೇಕು ಅಂತ ಇಂದು ನಾನು ಪಾಠ ಹೇಳುವ ಶಾಲೆಯ ಗೋಡೆಯ ಮೇಲೂ ಬರೆದಿದೆ. ಜೀವ ಹೋಗುವ ಗುರುತನ್ನೇ ನಮ್ಮೂರು ಆಚಿಕಡಿಯವರ ಗುರುತು ಅಂದುಕೊಂಡಿತ್ತು. ಎಷ್ಟು ಜನರನ್ನು ಹಾಗೆ ಕಳಿಸಿದರೋ ಯಾರಿಗೆ ಗೊತ್ತು.

"ನೀರು, ಯವ್ವಾ. ಬಾಯಿ ಒಣಗ್ಯಾದ. ಒಂದು ಗುಟುಕು ಹಾಕು."

ಗಿರಣಿ ಅಜ್ಜಿ ಹಣೆ ಮುಟ್ಟಿದಳು. ಕೈ ಹಿಂತೆಗೆದುಕೊಂಡಳು. ಆಮೇಲೆ ನಿಧಾನಕ್ಕೆ ಬೇವಿನ ಮರದ ಕಡೆ ತಿರುಗಿದಳು. "ಈ ಸಲ ಬೇವು ಚಲೋ ಚಿಗತಾದ" ಅಂದಳು. ನೆರೆದವರೂ ತಿರುಗಿದರು, ಕೆಲವರು ಮನಸ್ಸಿಲ್ಲದೆ. ಅವ್ವ ಅಲುಗಲಿಲ್ಲ. ಅಜ್ಜಿ ಮರದ ಬಗ್ಗೆ ಇನ್ನಷ್ಟು ಮಾತಾಡಿದಳು, ಕಾಗೆ ಗೂಡು ಕಟ್ಟಿದ್ದರ ಬಗ್ಗೆ, ಹಿಂದಿನ ವರ್ಷ ಕೊಂಬೆ ಮುರಿದದ್ದರ ಬಗ್ಗೆ. ಮುದುಕಿ ಅಷ್ಟು ಹೊತ್ತು ಯಾರಿಗೂ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅವ್ವ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು.

ನಾನು ಓಡಿಹೋಗಿ ತಂಬಿಗೆಯಲ್ಲಿ ಕೈ ಅದ್ದಿದೆ. ಅಕ್ಕನ ಕಡೆ ತಿರುಗುವಷ್ಟರಲ್ಲಿ ಅವ್ವ ನನ್ನ ಮುಂಗೈ ಹಿಡಿದಳು. ಹೊಡೆಯಲಿಲ್ಲ, ಬೈಯಲಿಲ್ಲ. ತನ್ನ ಸೆರಗು ತೆಗೆದುಕೊಂಡು ನನ್ನ ಅಂಗೈಯನ್ನು, ಬೆರಳ ಸಂದುಗಳನ್ನು, ಊಟಕ್ಕೆ ಮೊದಲು ಚಿಕ್ಕ ಮಕ್ಕಳ ಕೈ ಒರೆಸುವ ಹಾಗೆ ಒರೆಸಿ ಒಣಗಿಸಿದಳು. ಆಮೇಲೆ ಹೇಳಿದಳು.

"ಬೆವರಿಲ್ಲ ನೋಡ್ರಿ ಅವ್ವಾರ. ಇಕಿ ನನ್ನ ಮಗಳಲ್ಲ. ನನ್ನ ಮಗಳಾಗಿದ್ರ ಗಂಡನ ಮನಿ ಬಿಟ್ಟು ಬರ್ತಿದ್ಲೇನು?"

ಅಜ್ಜಿ ತಿರುಗಿದಳು. ಅವಳ ಮುಖ ಸಣ್ಣದಾಗಿತ್ತು. "ನಿನ್ನ ಮಗಳೋ ಅಲ್ಲೋ, ಹಡೆದಾಕಿ ನೀನ ಹೇಳಬೇಕು" ಅಂದಳು. ಅವ್ವ ಇನ್ನೊಮ್ಮೆ ಅಲ್ಲ ಅಂದಳು.

ಇಬ್ಬರು ಹೆಂಗಸರು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದರು. ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ, ಎಳೆದುಕೊಂಡೇ ಹೋದರು. ದಾರಿಯುದ್ದಕ್ಕೂ ಅವಳು ಅವ್ವನನ್ನು ಕರೆಯಲಿಲ್ಲ, ನೀರು ನೀರು ಅಂತಲೇ ಹೇಳುತ್ತಿದ್ದಳಂತೆ. ಸಂದಿನ ಬಾಯಲ್ಲಿ ಮಲಗಿಸಿ ಬಂದರು. ನನ್ನನ್ನು ಮನೆಯಲ್ಲಿ ಕೂಡಿಹಾಕಿದ್ದರು. ಸಂಜೆ ಬಾಗಿಲು ತೆಗೆದ ಮೇಲೆ ಓಡಿಹೋಗಿ ನೋಡಿದೆ, ಅಕ್ಕ ಇರಲಿಲ್ಲ. ನೆಲದ ಮೇಲೆ ನೀರು ಚೆಲ್ಲಿದ ಕಲೆ ಇತ್ತು. ಆಚೆಯಿಂದ ಯಾರೋ ನೀರು ತಂದಿದ್ದರು. ಊರವರು, ನೋಡಿದೆಯಾ, ಅವರವರು ಬಂದು ಕರೆದುಕೊಂಡು ಹೋದರು, ಅಂದರು. ನಿಜವೇ. ಅವರಾದರೂ ಬಂದರು.

ಸ್ವಲ್ಪ ದಿನಕ್ಕೆ ಮಧ್ಯಾಹ್ನದ ರೊಟ್ಟಿಯ ಸದ್ದಿನಲ್ಲಿ ಒಂದು ಹೊಸ ಸದ್ದು ಸೇರಿಕೊಂಡಿತು. ಅಕ್ಕನ ಎಡಗೈ ಕಿರುಬೆರಳು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕು ಮಡಚದಂತಾಗಿತ್ತು. ರೊಟ್ಟಿ ತಿರುಗಿಸುವಾಗ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ಪಟ ಪಟ, ತಡೆ, ಮತ್ತೆ ಪಟ ಪಟ. ಆ ಸದ್ದು ಕೇಳಿ ಬೆಳೆದವಳು ನಾನು, ನನಗೆ ಯಾರೂ ಹೇಳಬೇಕಿರಲಿಲ್ಲ. ಅವ್ವನಿಗೂ. ಅವಳು ಎದ್ದುಹೋಗಿ ಹಿತ್ತಲ ಬಾಗಿಲು ಹಾಕಿದಳು. ಅಂದಿನಿಂದ ದಿನಾ ಮಧ್ಯಾಹ್ನ ಹಿತ್ತಲ ಬಾಗಿಲು ಹಾಕುವುದು ನಮ್ಮ ಮನೆಯ ಪದ್ಧತಿಯಾಯಿತು.

ಯಾಕೆ ಹಾಗೆ ಮಾಡಿದೆ ಅಂತ ಅವ್ವನನ್ನು ಕೇಳಿದ್ದೇನೆ. "ನೀ ಇದ್ದೆಲ್ಲ" ಅಂದಳು. ಗಂಡನನ್ನು ಬಿಟ್ಟು ಬಂದವಳ ತಂಗಿಯನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂಬ ಲೆಕ್ಕ. ಅರಕೇರಾ ಕಡೆಯ ಒಂದು ಮನೆಯವರು ನನ್ನನ್ನು ಆಗಲೇ ದೂರದಿಂದ ನೋಡಿ ಹೋಗಿದ್ದರಂತೆ. ನಾನು ಮದುವೆಯಾಗಲಿಲ್ಲ. ಓದಿದೆ, ರಾಯಚೂರಿನಲ್ಲಿ ಟೀಚರಾದೆ. ಅವ್ವನ ಲೆಕ್ಕ ತಪ್ಪಿಸಿದೆ ಎಂಬ ಸಮಾಧಾನ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಅಸಲು ತಮಾಷೆ ಆಮೇಲೆ ನಡೆಯಿತು. ಗಿರಣಿ ಅಜ್ಜಿ ತೀರಿಕೊಂಡಳು. ನೋಡುವಾಕಿ ಯಾರಾಗಬೇಕು ಅಂತ ಊರು ಕೂತು ಮಾತಾಡಿ ಅವ್ವನನ್ನು ಆರಿಸಿತು. ಸ್ವಂತ ಮಗಳನ್ನೇ ಬಿಡದಾಕಿ ಇನ್ಯಾರನ್ನ ಬಿಟ್ಟಾಳು ಅಂದರಂತೆ. ಕೂಲಿಯ ಹೆಂಗಸಿಗೆ ಗಿರಣಿಯ ಅಂಗಳದಲ್ಲಿ ಕುರ್ಚಿ ಸಿಕ್ಕಿತು, ಚಹಾ ಸಿಕ್ಕಿತು, ದೊಡ್ಡವರು ಬರ್ರಿ ಹೋಗ್ರಿ ಅನ್ನತೊಡಗಿದರು. ಅವ್ವ ಆ ಕುರ್ಚಿಗೆ ಚೆನ್ನಾಗಿ ಹೊಂದಿಕೊಂಡಳು. ಬೇವಿನ ಮರದ ಕಡೆ ಒಂದು ದಿನವೂ ನೋಡಲಿಲ್ಲ. ತಂಬಿಗೆ ಹಿಡಿದವರು ಅಂಗೈ ಒಣಗಿದೆ ಅಂತ ಮೊದಲು ತೋರಿಸಬೇಕು ಎಂಬ ಹೊಸ ಕಟ್ಟಳೆ ತಂದಳು. ಚಳಿಗಾಲದಲ್ಲಿ ಬಂದವರಿಗೆ ಭತ್ತದ ಚೀಲ ಹೊರಿಸಿ ಗಿರಣಿಯ ಸುತ್ತ ಓಡಿಸಿದಳು. ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಂಡು ಮಧ್ಯಾಹ್ನವೆಲ್ಲ ಬಂಡೆಯ ಮೇಲೆ ಕೂತದ್ದನ್ನು ನಾನು ರಜೆಗೆ ಹೋದಾಗ ಕಂಡೆ. ಪಕ್ಕದಲ್ಲಿ ಕಾದು ಕೂತಿದ್ದ ಅವಳ ಗಂಡ, "ಕೂಸಿಗಾದ್ರೂ ನೆರಳು ಕೊಡ್ರಿ" ಅಂತ ಕೈಮುಗಿದ. ಅವ್ವ, "ಕೂಸು ನಿಂದೇ ಅಂತ ಹ್ಯಾಂಗ ಗೊತ್ತು?" ಅಂದಳು. ಮೊದಲನೆಯ ಸಲ ಮಾಡಿದ್ದು ಸರಿ ಎಂದಾಗಬೇಕಾದರೆ ಪ್ರತಿ ಸಲವೂ ಹಾಗೆಯೇ ಮಾಡಬೇಕಿತ್ತು. ಅಷ್ಟೇ ಅವಳ ಕಟ್ಟಳೆಯ ಗುಟ್ಟು.

ಹೋದ ಬೇಸಿಗೆ ರಜೆಯಲ್ಲಿ ನಾನು ಊರಿಗೆ ಹೋದೆ. ಬಂಡೆಯ ಮೇಲೆ ಕೂತೆ. ಅವ್ವ ನನ್ನ ಹಣೆಯನ್ನೂ ಮುಟ್ಟಿ ನೋಡಿದಳು. ನನಗೆ ಮೈಯೆಲ್ಲ ಬೆವರು, ಬಸ್ಸಿನಲ್ಲೇ ತೊಯ್ದು ತೊಪ್ಪೆಯಾಗಿದ್ದೆ. ಮನೆಗೆ ಹೋದೆವು. ಮರುದಿನ ಊಟವಾದ ಮೇಲೆ ನಾನು ಕಣ್ಣುಮುಚ್ಚಿದ್ದೆ. ಎದ್ದಾಗ ಹಿತ್ತಲ ಬಾಗಿಲು ತೆರೆದಿತ್ತು, ಅವ್ವ ಇರಲಿಲ್ಲ. ಆಡು ಕಾಯುವ ಮುದುಕನೊಬ್ಬ ಓಡಿಬಂದ.

"ಟೀಚರ್, ನಿಮ್ಮವ್ವ ಸಂದಿನ್ಯಾಗ ಹೋದ್ಲು! ಕೂಗಿದ್ರೂ ಹೊಳ್ಳಿ ನೋಡಲಿಲ್ಲ."

ಅಷ್ಟು ವರ್ಷ ಬಾಗಿಲು ಹಾಕಿ ಹಾಕಿ ಸಾಕಾಗಿತ್ತೋ, ಅಥವಾ ವಯಸ್ಸು ಆ ಸದ್ದನ್ನು ದೊಡ್ಡದು ಮಾಡಿತ್ತೋ. ಅಕ್ಕನನ್ನು ನೋಡಲು ಹೋಗಿದ್ದಳು. ನಾನು ಗುಡ್ಡದ ಬುಡಕ್ಕೆ ಓಡಿದಾಗ ಅರ್ಧ ಊರು ಅಲ್ಲಿ ಸೇರಿತ್ತು. ಬಿಸಿಲು ಇಳಿಯುವ ಮೊದಲೇ ಅವ್ವ ಸಂದಿನಿಂದ ಓರೆಯಾಗಿ ಹೊರಗೆ ಬಂದಳು. ಯಾರನ್ನೂ ನೋಡದೆ ನಡೆದು ಹೋಗಿ, ಹೇಳಿಸಿಕೊಳ್ಳದೆಯೇ, ಬೆವರುಗಲ್ಲಿನ ಮೇಲೆ ಕೂತಳು.

ನೋಡುವಾಕಿಯನ್ನು ನೋಡುವವರು ಯಾರು? ಯಾರೂ ಮುಂದೆ ಬರಲಿಲ್ಲ. ಗಿರಣಿಯಿಂದ ಯಾರೋ ತಂಬಿಗೆ ತಂದು ನನ್ನ ಕೈಗೆ ಕೊಟ್ಟರು. ಎದುರು ನಿಂತೆ. ಅವ್ವನ ಹಣೆ ಒಣಗಿತ್ತು. ಎಪ್ಪತ್ತು ದಾಟಿದ, ಎಲುಬು ತೊಗಲಾಗಿದ್ದ ಮೈ ಅದು, ಅದರಲ್ಲಿ ಬೆವರು ಎಲ್ಲಿರುತ್ತದೆ? ಬಿಸಿಲು ಬಂಡೆಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಅವಳ ಕುತ್ತಿಗೆ ಸಣ್ಣಗೆ ನಡುಗತೊಡಗಿತು. ತುಟಿ ಬಿರಿಯಿತು. ಅವಳು ನೀರು ಕೇಳಲಿಲ್ಲ. ಅವಳ ಕಣ್ಣು ತಂಬಿಗೆಯ ಮೇಲಿತ್ತು.

ಬಾಣಂತಿಯ ಗಂಡ ಮುಂದೆ ಬಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಸಂತೋಷವಿತ್ತು. "ಟೀಚರ್, ಅಂಗೈ ತೋರ್ಸ್ರಿ. ಕಟ್ಟಳಿ ನಿಮ್ಮವ್ವಂದ."

ನಿಜ ಹೇಳುತ್ತೇನೆ, ನನಗೂ ಸಂತೋಷವಾಯಿತು. ಅಕ್ಕ ಕೂತಿದ್ದ ಜಾಗ, ಅದೇ ಬಿಸಿಲು, ಕೈಯಲ್ಲಿ ಅದೇ ನೀರು. ಸುಮ್ಮನೆ ನಿಂತರೆ ಸಾಕಿತ್ತು. ಸ್ವಲ್ಪ ಹೊತ್ತು ನಿಂತೆ ಕೂಡ. ಅವ್ವ ಕೂತಲ್ಲೇ ಒಂದು ಕಡೆ ವಾಲಿದಳು.

ನಾನು ಅವಳ ಸೆರಗಿನ ತುದಿ ಹಿಡಿದು ತಂಬಿಗೆಯಲ್ಲಿ ಅದ್ದಿದೆ. ಎಲ್ಲರಿಗೂ ಕಾಣುವಂತೆ ಅದ್ದಿದೆ. ನೀರು ತೊಟ್ಟಿಕ್ಕುತ್ತಿದ್ದ ಸೆರಗಿನಿಂದ ಅವಳ ಹಣೆ ಒರೆಸಿದೆ, ಕೆನ್ನೆ ಒರೆಸಿದೆ, ಕುತ್ತಿಗೆ ಒರೆಸಿದೆ. ಆಮೇಲೆ ನನ್ನ ಒದ್ದೆ ಅಂಗೈಯನ್ನು ಆ ಗಂಡಸಿಗೆ ತೋರಿಸಿದೆ.

"ನೋಡ್ರಿ. ಇದು ನೀರು. ಹಿಂದಕ ಈ ಊರಾಗ ಇದಕ್ಕ ಬೆವರು ಅಂತಿದ್ರು."

ಆಮೇಲೆ ಹಿಂದೆ ನಿಂತಿದ್ದ ಒಬ್ಬಳು ಮುದುಕಿ, ಅಂದು ಅಕ್ಕನ ರಟ್ಟೆ ಹಿಡಿದವರಲ್ಲಿ ಒಬ್ಬಳು, ಬೇವಿನ ಮರದ ಕಡೆ ಮುಖ ತಿರುಗಿಸಿದಳು. "ಈ ಸಲ ಭಾಳ ಚಿಗತಾದ" ಅಂದಳು. ಅವಳ ಪಕ್ಕದವರು ತಿರುಗಿದರು. ಅವರ ಪಕ್ಕದವರೂ. ಕೊನೆಗೆ ಆ ಗಂಡಸು, ಹಲ್ಲು ಕಚ್ಚಿಕೊಂಡು, ಅವನೂ ಮರ ನೋಡಿದ. ಇಡೀ ಊರು ಮರ ನೋಡುತ್ತ ನಿಂತಿತ್ತು. ನೋಡದೆ ಇದ್ದವಳು ಅವ್ವ ಒಬ್ಬಳೇ. ಅವಳು ನನ್ನ ಒದ್ದೆ ಅಂಗೈ ನೋಡುತ್ತಿದ್ದಳು.

ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ. "ಇಷ್ಟ ಇತ್ತಬೇ ಕೆಲಸ. ನೋಡು, ಎಷ್ಟು ಸಸಾರ ಅದ."

ಅವಳು ನೀರು ಕುಡಿದಳು. ಅರ್ಧ ಎದೆಯ ಮೇಲೆ ಚೆಲ್ಲಿತು.

ಮನೆಗೆ ಬಂದು ಗೋಡೆಗೆ ಒರಗಿ ಕೂತ ಮೇಲೆ, ಕೇಳದೆಯೇ ಹೇಳಿದಳು. "ಅಕಿನ, ನಿಮ್ಮಕ್ಕನ. ಬೆರಳು ನೋಡ್ದೆ, ಸುಟ್ಟ ಕಲಿ ನೋಡ್ದೆ. ಕಟ್ಟಿ ಮ್ಯಾಲ ಕುಂದ್ರಿಸಿ ನೀರು ಕೊಟ್ಲು. ಹಣಿ ನೋಡಲಿಲ್ಲ, ಏನೂ ಕೇಳಲಿಲ್ಲ."

"ನಿನ್ನ ಗುರುತು ಹಿಡಿದ್ಲಾ?"

"ಯಾ ಊರ್ರಿ ನಿಮ್ದು ಅಂದ್ಲು. ನೀರು ಕುಡಿದು ಮನಿಗಿ ಹೋಗ್ರಿ, ನಿಮ್ಮೋರು ಕಾಯ್ತಿರ್ತಾರ ಅಂದ್ಲು." ಅವ್ವ ಒದ್ದೆ ಸೆರಗಿನ ತುದಿ ಹಿಂಡಿದಳು. ಆಮೇಲೆ, "ಗುರ್ತು ಸಿಗಲಿಲ್ಲೋ, ಸಿಕ್ಕು ಹಂಗಂದ್ಲೋ, ತಿಳೀಲಿಲ್ಲ" ಅಂದಳು. ನನ್ನ ಕಡೆ ತಿರುಗಿ ಕೇಳಿದಳು. "ನನ್ನ ಯಾಕ ಉಳಿಸಿದಿ?"

"ನೀ ಸಾಯಬಾರ್ದು. ಈಗ ಸತ್ರ ನಿನಗ ಆರಾಮ. ನೀ ಇಲ್ಲೇ ಇರಬೇಕು."

ಅವಳು ಅಳಲಿಲ್ಲ. ತಲೆಯಾಡಿಸಿದಳು, ಕೂಲಿ ಎಷ್ಟು ಅಂತ ಕೇಳಿ ಒಪ್ಪಿಕೊಂಡವರ ಹಾಗೆ.

ಮರುದಿನ ಮಧ್ಯಾಹ್ನ ಆಚೆಯಿಂದ ಸದ್ದು ಶುರುವಾಯಿತು. ಪಟ ಪಟ, ತಡೆ, ಮತ್ತೆ ಪಟ ಪಟ. ಅವ್ವ ನೆಲಕ್ಕೆ ಕೈಯೂರಿ ಎದ್ದು ಹಿತ್ತಲ ಬಾಗಿಲು ಹಾಕಲು ಬಂದಳು. ನಾನು ಹೊಸ್ತಿಲ ಮೇಲೆ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅವಳು ನನ್ನ ತಲೆಯ ಹತ್ತಿರ ತುಂಬ ಹೊತ್ತು ನಿಂತಿದ್ದಳು. ನಾನು ಏಳಲಿಲ್ಲ.